ಎಸೆಕ್ಸ್ ಕೌಂಟಿಯ ದಫ್ತರ

ಚಿತ್ರಗುಪ್ತನ ಕಡತವನ್ನು ಕಂಡವರು ಯಾರೂ ಇಲ್ಲ. ಅದರ ನಕಲು ಬೇಕೆಂದು ಅರ್ಜಿ ಹಾಕಿದವರೂ ಇಲ್ಲ. ಅಲ್ಲಿ ಲೆಕ್ಕ ತಪ್ಪುವುದಿಲ್ಲವೆಂಬ ನಂಬಿಕೆ ಜನರಿಗೆ ಇರುವುದರಿಂದ ಅದರ ಅಗತ್ಯ ಯಾರಿಗೂ ತೋರಿಲ್ಲ. ಮನುಷ್ಯರು ನಡೆಸುವ ನ್ಯಾಯಾಲಯದ ಮಾತು ಹಾಗಲ್ಲ. ಇಲ್ಲಿ ಸಾಕ್ಷಿ ಹೇಳುವವನೂ ಮನುಷ್ಯ, ಅದನ್ನು ಬರೆದುಕೊಳ್ಳುವವನೂ ಮನುಷ್ಯ, ತೀರ್ಪು ಕೊಡುವವನೂ ಮನುಷ್ಯ. ಮೂವರೂ ತಪ್ಪಬಹುದು. ತಪ್ಪಿದ್ದಾರೆಂದು ಮುಂದಿನವರಿಗೆ ತಿಳಿಯಬೇಕಾದರೆ ಎರಡು ಸಂಗತಿಗಳು ಬೇಕು. ನಡೆದದ್ದನ್ನು ಬರೆದಿಟ್ಟಿರಬೇಕು, ಬರೆದಿಟ್ಟದ್ದನ್ನು ಕೇಳಿದವರಿಗೆ ತೆಗೆದು ತೋರಿಸಬೇಕು. ಈ ಎರಡರಲ್ಲಿ ಯಾವುದೊಂದು ಇಲ್ಲದಿದ್ದರೂ ತಪ್ಪು ತಪ್ಪಾಗಿಯೇ ಉಳಿದುಹೋಗುತ್ತದೆ.

ಇದು ಬರಿಯ ತತ್ವದ ಮಾತಲ್ಲವೆಂಬುದಕ್ಕೆ ಅಮೆರಿಕದ ಒಂದು ಕೌಂಟಿಯ ದಫ್ತರವೇ ಸಾಕ್ಷಿ. ಆ ದೇಶದ ಸಂಸ್ಥಾನಗಳನ್ನು ಬಹುಮಟ್ಟಿಗೆ ಕೌಂಟಿಗಳಾಗಿ ವಿಂಗಡಿಸಿದ್ದಾರೆ. ಕೌಂಟಿಯೆಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲೆಯೆಂದು ತಿಳಿಯಬಹುದು. ಕೊಲೆ, ಕಳವು, ಹೊಡೆದಾಟ ಮೊದಲಾದ ಅಪರಾಧಗಳ ವಿಚಾರಣೆ ಅಲ್ಲಿ ಸಾಮಾನ್ಯವಾಗಿ ನಡೆಯುವುದು ಕೌಂಟಿಯ ನ್ಯಾಯಾಲಯದಲ್ಲಿ. ಕಾಗದಪತ್ರಗಳು ಉಳಿಯುವುದೂ ಅಲ್ಲಿಯೇ. ಮ್ಯಾಸಚೂಸೆಟ್ಸ್ ಸಂಸ್ಥಾನದ ಎಸೆಕ್ಸ್ ಕೌಂಟಿ 1643ರಷ್ಟು ಹಿಂದೆಯೇ ಏರ್ಪಟ್ಟದ್ದು. ಸೇಲಂ, ಇಪ್ಸ್‌ವಿಚ್, ಆಂಡೋವರ್ ಮೊದಲಾದ ಊರುಗಳು ಅದಕ್ಕೆ ಸೇರಿದವು. ಆ ಕೌಂಟಿಯ ಆಡಳಿತವನ್ನು 1999ರಲ್ಲಿ ರದ್ದುಮಾಡಿದರು. ಆದರೆ ಹೆಸರು ಉಳಿದಿದೆ, ನ್ಯಾಯಾಲಯದ ಕಾಗದಗಳೂ ಉಳಿದಿವೆ. ಅವುಗಳಲ್ಲಿ 1692ನೆಯ ವರ್ಷದ ಒಂದು ಕಂತೆಯ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ.

ಅದಕ್ಕೆ ಮೊದಲು ಅರ್ಧ ಶತಮಾನ ಹಿಂದಕ್ಕೆ ಹೋಗಬೇಕು. ಇಂಗ್ಲೆಂಡಿನಿಂದ ವಲಸೆ ಬಂದ ಪ್ಯೂರಿಟನ್ ಮತದವರು ಮ್ಯಾಸಚೂಸೆಟ್ಸಿನಲ್ಲಿ ನೆಲೆಸಿ ಹತ್ತು ವರ್ಷವಾಗುವಷ್ಟರಲ್ಲಿ ಅವರಿಗೆ ಒಂದು ಕೊರತೆ ಕಂಡುಬಂತು. ನ್ಯಾಯಾಲಯಗಳು ತೀರ್ಪು ಕೊಡುತ್ತಿದ್ದವು; ಆದರೆ ಯಾವ ಸಾಕ್ಷ್ಯದ ಮೇಲೆ, ಯಾವ ಕಾರಣಕ್ಕೆ ಕೊಟ್ಟಿತೆಂಬುದು ಬರವಣಿಗೆಯಲ್ಲಿ ಇರುತ್ತಿರಲಿಲ್ಲ. 1639ರಲ್ಲಿ ಅವರ ಮಹಾಸಭೆ ಒಂದು ಅಪ್ಪಣೆ ಹೊರಡಿಸಿತು. ಇನ್ನು ಮುಂದೆ ಪ್ರತಿಯೊಂದು ತೀರ್ಪನ್ನೂ ಅದರ ಸಾಕ್ಷ್ಯದೊಡನೆ ಪುಸ್ತಕದಲ್ಲಿ ಬರೆಯತಕ್ಕದ್ದು, ಮುಂದಿನ ತಲೆಮಾರಿನವರಿಗಾಗಿ ಆ ಪುಸ್ತಕವನ್ನು ಕಾಪಾಡತಕ್ಕದ್ದು ಎಂಬುದು ಅದರ ಸಾರಾಂಶ. ಕಾಡು ಕಡಿದು ಹೊಲ ಮಾಡುತ್ತಿದ್ದ ಜನ, ಮಂಜು ಸುರಿಯುವ ಚಳಿಗಾಲವನ್ನು ದಾಟುವುದೇ ಕಷ್ಟವಾಗಿದ್ದ ಜನ, ಇನ್ನೂ ಹುಟ್ಟದವರ ಓದಿಗಾಗಿ ಪುಸ್ತಕವಿಡಬೇಕೆಂದು ಯೋಚಿಸಿದರೆಂಬುದನ್ನು ಗಮನಿಸಬೇಕು.

ಎರಡು ವರ್ಷದ ಮೇಲೆ, 1641ರಲ್ಲಿ, ಅವರು ತಮ್ಮ ಹಕ್ಕುಗಳ ಒಂದು ಶಾಸನವನ್ನು ಅಂಗೀಕರಿಸಿದರು. ಅದನ್ನು ಸಿದ್ಧಪಡಿಸಿದವನು ನಥಾನಿಯಲ್ ವಾರ್ಡ್. ಇಂಗ್ಲೆಂಡಿನಲ್ಲಿ ಕಾನೂನು ಓದಿ ವಕೀಲಿ ಮಾಡಿ, ಆಮೇಲೆ ಪಾದ್ರಿಯಾಗಿ, ಕಡಲು ದಾಟಿ ಬಂದು ಇಪ್ಸ್‌ವಿಚ್ ಊರಿನಲ್ಲಿ ನೆಲೆಸಿದ್ದವನು. ಆ ಶಾಸನದ 48ನೆಯ ವಿಧಿ ನಮ್ಮ ವಿಷಯಕ್ಕೆ ಮುಖ್ಯವಾದದ್ದು. ನಾಡಿನ ಪ್ರತಿಯೊಬ್ಬ ನಿವಾಸಿಯೂ ಯಾವುದೇ ನ್ಯಾಯಾಲಯದ ಅಥವಾ ಕಚೇರಿಯ ದಾಖಲೆಗಳನ್ನು ಹುಡುಕಿ ನೋಡಬಹುದು; ನಿಗದಿಯಾದ ಶುಲ್ಕ ಕೊಟ್ಟು, ಅಧಿಕಾರಿಯ ಕೈಬರಹದ ರುಜುವಿನೊಡನೆ ನಕಲು ಪಡೆಯಬಹುದು; ಆಡಳಿತ ಮಂಡಲಿಯ ದಾಖಲೆಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ‘ಯಾತಕ್ಕಾಗಿ ಬೇಕು?’ ಎಂದು ಕೇಳುವ ಮಾತು ಆ ವಿಧಿಯಲ್ಲಿ ಇಲ್ಲ. ಇಷ್ಟು ಉದಾರವಾದ ಇದೇ ಶಾಸನದಲ್ಲಿ ಮರಣದಂಡನೆಗೆ ತಕ್ಕ ಅಪರಾಧಗಳ ಪಟ್ಟಿಯೂ ಇದೆ. ಆ ಪಟ್ಟಿಯಲ್ಲಿ ಮಾಟವೂ ಒಂದು. ಬೆಳಕಿನ ಬಾಗಿಲೂ ಕತ್ತಲೆಯ ಕೋಣೆಯೂ ಒಂದೇ ಮನೆಯಲ್ಲಿದ್ದವು.

ಆ ಪಟ್ಟಿಯಲ್ಲಿದ್ದ ಭಯ 1692ರಲ್ಲಿ ಹೊರಗೆ ಬಂತು. 1641ರ ಶಾಸನಕ್ಕೆ ಆಧಾರವಾಗಿದ್ದ ರಾಜಸನದು 1684ರಲ್ಲಿ ರದ್ದಾಗಿತ್ತು. ನಾಡಿಗೆ ಹೊಸ ಸನದು ಬರುವುದರಲ್ಲಿತ್ತು. ಹಳೆಯ ಏರ್ಪಾಡು ಹೋಗಿ ಹೊಸದು ನೆಲೆಗೊಳ್ಳದ ಕಾಲ. ಈಗ ಡ್ಯಾನ್‌ವರ್ಸ್ ಎನಿಸಿಕೊಳ್ಳುವ, ಆಗ ಸೇಲಂ ಹಳ್ಳಿಯೆನಿಸಿಕೊಂಡಿದ್ದ ಊರಿನ ಪಾದ್ರಿ ಸ್ಯಾಮ್ಯುಯಲ್ ಪ್ಯಾರಿಸನ ಮನೆಯಲ್ಲಿ, ಜನವರಿಯ ಚಳಿಯಲ್ಲಿ, ಇಬ್ಬರು ಎಳೆಯ ಹುಡುಗಿಯರು ವಿಚಿತ್ರವಾಗಿ ಕೂಗಾಡಿ ಮೈ ತಿರುಚಿಕೊಳ್ಳಲಾರಂಭಿಸಿದರು. ಯಾರೋ ಮಾಟ ಮಾಡಿಸಿದ್ದಾರೆಂಬ ಮಾತು ಹುಟ್ಟಿತು. ಫೆಬ್ರವರಿ 29ರಂದು ಮೂವರು ಹೆಂಗಸರ ಮೇಲೆ ವಾರಂಟು ಹೊರಟಿತು: ಪಾದ್ರಿಯ ಮನೆಯ ಗುಲಾಮಳಾದ ಟಿಟೂಬಾ, ಭಿಕ್ಷೆ ಬೇಡುತ್ತಿದ್ದ ಸಾರಾ ಗುಡ್, ಕಾಯಿಲೆಯವಳಾಗಿದ್ದ ಸಾರಾ ಆಸ್‌ಬರ್ನ್. ಬೆಂಕಿ ಬಿದ್ದದ್ದು ಹುಲ್ಲಿನ ಬಣವೆಗೆ. ವರ್ಷ ಮುಗಿಯುವುದರೊಳಗೆ 150ಕ್ಕೂ ಮೇಲ್ಪಟ್ಟು ಜನ ಆಪಾದಿತರಾದರು. 14 ಹೆಂಗಸರನ್ನೂ 5 ಗಂಡಸರನ್ನೂ ಗಲ್ಲಿಗೇರಿಸಿದರು. ವಿಚಾರಣೆಗೆ ಒಪ್ಪದೆ ಮೌನವಾಗಿ ನಿಂತ ಗೈಲ್ಸ್ ಕೋರಿಯೆಂಬ ವೃದ್ಧನ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಸೆರೆಮನೆಯಲ್ಲೇ ಸತ್ತವರು ಕಡೆಯ ಪಕ್ಷ ಐವರು.

ಈ ವಿಚಾರಣೆಗಳಿಗೆ ಮುಖ್ಯ ಆಧಾರವಾದದ್ದು ಛಾಯೆಯ ಸಾಕ್ಷ್ಯ. ಇಂಥವಳ ಛಾಯೆ ಬಂದು ನನ್ನನ್ನು ಚಿವುಟಿತು, ಕತ್ತು ಹಿಸುಕಿತು ಎಂದು ನೊಂದವಳು ಹೇಳುವುದು; ಆ ಛಾಯೆ ಆಕೆಯ ಕಣ್ಣಿಗಲ್ಲದೆ ಇನ್ನೊಬ್ಬರ ಕಣ್ಣಿಗೆ ಬೀಳದು. ಅಲ್ಲವೆನ್ನುವುದು ಹೇಗೆ? ಗವರ್ನರ್ ವಿಲಿಯಂ ಫಿಪ್ಸ್ ಮೇ ತಿಂಗಳಿನಲ್ಲಿ ಏರ್ಪಡಿಸಿದ ವಿಶೇಷ ನ್ಯಾಯಾಲಯ ಇದನ್ನು ಒಪ್ಪಿಕೊಂಡಿತು. ಅಕ್ಟೋಬರಿನಲ್ಲಿ ಅದೇ ಗವರ್ನರ್ ಆ ನ್ಯಾಯಾಲಯವನ್ನು ಮುಚ್ಚಿದನು. 1693ರ ಜನವರಿಯಲ್ಲಿ ಹೊಸ ಉಚ್ಚ ನ್ಯಾಯಾಲಯ ಸೇಲಂನಲ್ಲಿ ಕುಳಿತಾಗ ಛಾಯೆಯ ಸಾಕ್ಷ್ಯವನ್ನು ತಳ್ಳಿಹಾಕಿದರು. ಆಪಾದಿತರಲ್ಲಿ ಬಹುತೇಕ ಎಲ್ಲರೂ ಬಿಡುಗಡೆಯಾದರು. ಮೂವರಿಗೆ ಮಾತ್ರ ಶಿಕ್ಷೆಯಾಯಿತು. ಆ ಮೂವರ ವಿಚಾರಕ್ಕೆ ಮುಂದೆ ಬರುತ್ತೇನೆ.

ಈಗ ಕಾಗದಗಳ ಕಡೆಗೆ ತಿರುಗೋಣ. ಒಂದು ಮೊಕದ್ದಮೆಯ ಕಂತೆಯನ್ನು ಬಿಚ್ಚಿದರೆ ಮೊದಲು ಸಿಕ್ಕುವುದು ಫಿರ್ಯಾದು, ಅನಂತರ ವಾರಂಟು, ಅದರ ಕೆಳಗೋ ಬೆನ್ನ ಮೇಲೋ ‘ಹಿಡಿದು ತಂದಿದ್ದೇನೆ’ ಎಂಬ ಪೇದೆಯ ಷರಾ, ಮ್ಯಾಜಿಸ್ಟ್ರೇಟರ ಮುಂದೆ ನಡೆದ ಪ್ರಶ್ನೋತ್ತರ, ನೆರೆಹೊರೆಯವರ ಹೇಳಿಕೆಗಳು, ಜೂರಿಯ ಮುಂದೆ ಇಟ್ಟ ದೋಷಾರೋಪಣ ಪತ್ರ, ಕೊನೆಗೆ ತೀರ್ಪು ಮತ್ತು ಅದನ್ನು ನಡೆಸಿದ ವರದಿ. ಒಂದೊಂದೂ ಅಂಗೈಯಗಲದ ಕಾಗದವಾದರೂ ಓದಿದವನಿಗೆ ಅಂದಿನ ಕೋಣೆಯ ಮಾತುಗಳು ಕಿವಿಗೆ ಬಿದ್ದಂತಾಗುತ್ತದೆ.

ಒಂದೆರಡನ್ನು ಹೇಳುತ್ತೇನೆ. ಮೊದಲು ಗಲ್ಲಿಗೇರಿದವಳು ಬ್ರಿಜೆಟ್ ಬಿಷಪ್, ಜೂನ್ 10ರಂದು. ಆಕೆಯ ಮರಣಾಜ್ಞೆಯ ಪತ್ರ ಉಳಿದುಬಂದಿದೆ. ಅದರ ಕೆಳಗೆ ಷೆರೀಫನಾದ ಜಾರ್ಜ್ ಕಾರ್ವಿನ್, ಅಪ್ಪಣೆಯಂತೆ ಆಕೆಯನ್ನು ಪ್ರಾಣ ಹೋಗುವವರೆಗೂ ನೇಣಿಗೆ ಹಾಕಿಸಿದ್ದಾಗಿ ಬರೆದು, ಅಲ್ಲಿಯೇ ಹೂಳಿಸಿದ್ದಾಗಿಯೂ ಸೇರಿಸಿದ್ದಾನೆ. ಆಮೇಲೆ ಹೂಳಿದ ಮಾತಿನ ಮೇಲೆ ಗೀಟು ಎಳೆದಿದೆ. ಮರಣಾಜ್ಞೆಯಲ್ಲಿ ಹೂಳಬೇಕೆಂದು ಹೇಳಿರಲಿಲ್ಲ. ಹೇಳಿದ್ದನ್ನು ಮಾಡಿದೆನೆಂದಷ್ಟೇ ವರದಿ ಕೊಡುವುದು ಕಚೇರಿಯ ಕ್ರಮವಾದ್ದರಿಂದ ಗೀಟು ಹಾಕಿರಬೇಕು. ಆ ಗೀಟಿನ ಅಡಿಯಲ್ಲಿ ಒಬ್ಬ ಹೆಂಗಸಿನ ಸಮಾಧಿಯ ಸುದ್ದಿ ಅಡಗಿ ಕುಳಿತಿದೆ.

ಇನ್ನೊಂದು ರೆಬೆಕಾ ನರ್ಸ್ ಎಂಬಾಕೆಯದು. ಸುಮಾರು 71 ವರ್ಷದ ಅಜ್ಜಿ, ಮಕ್ಕಳು ಮರಿಗಳ ದೊಡ್ಡ ಸಂಸಾರ, ದೈವಭಕ್ತೆಯೆಂದು ಹೆಸರಾದವಳು. ಈಕೆಯ ನಡತೆ ಒಳ್ಳೆಯದೆಂದು 39 ಮಂದಿ ನೆರೆಹೊರೆಯವರು ರುಜು ಹಾಕಿಕೊಟ್ಟ ಮನವಿಪತ್ರ ಇಂದಿಗೂ ಇದೆ. ಮಾಟದ ಆರೋಪ ಹೊತ್ತವರ ಪರವಾಗಿ ಮಾತಾಡಿದವರೇ ಮಾರನೆಯ ದಿನ ಆಪಾದಿತರಾಗುತ್ತಿದ್ದ ಆ ಕಾಲದಲ್ಲಿ 39 ರುಜುಗಳು ಎಂದರೆ ಸಾಮಾನ್ಯ ಧೈರ್ಯವಲ್ಲ. ಜೂರಿ ಮೊದಲು ಆಕೆ ನಿರಪರಾಧಿಯೆಂದೇ ಹೇಳಿತು. ಕೋಣೆಯಲ್ಲಿ ಕೋಲಾಹಲವೆದ್ದಿತು, ಇನ್ನೊಮ್ಮೆ ಯೋಚಿಸಿರೆಂದು ನ್ಯಾಯಾಧೀಶರು ಸೂಚಿಸಿದರು. ಕಿವಿ ಮಂದವಾಗಿದ್ದ ಮುದುಕಿ ಒಂದು ಪ್ರಶ್ನೆಗೆ ಉತ್ತರ ಕೊಡಲಿಲ್ಲವೆಂಬ ಕಾರಣದಿಂದ ತೀರ್ಪು ತಿರುಗಿತು. ಹೀಗೇಕೆ ತಿರುಗಿತೆಂದು ಜೂರಿಯ ಮುಖ್ಯಸ್ಥ ಥಾಮಸ್ ಫಿಸ್ಕ್ ಬರಹದಲ್ಲಿ ವಿವರಣೆ ಕೊಟ್ಟಿದ್ದಾನೆ. ಜುಲೈ 19ರಂದು ಆಕೆಯನ್ನು ಗಲ್ಲಿಗೇರಿಸಿದರು.

ಈ ಮೊಕದ್ದಮೆಯ ಕಾಗದಗಳ ಬಗ್ಗೆ ನ್ಯಾಯಾಲಯದ ಕ್ಲರ್ಕನಾಗಿದ್ದ ಸ್ಟೀಫನ್ ಸ್ಯೂವಲ್ ಬರೆದಿಟ್ಟ ಒಂದು ಟಿಪ್ಪಣಿ ನನಗೆ ಬಹಳ ಅರ್ಥವತ್ತಾಗಿ ತೋರುತ್ತದೆ. ಈ ವಿಚಾರಣೆಗೆ ಸೇರಿದ ಕಾಗದಗಳು ಇಪ್ಪತ್ತು. ಇದಲ್ಲದೆ ಬಾಯಿಮಾತಿನಲ್ಲಿ ಹೇಳಿದ ಸಾಕ್ಷ್ಯಗಳೂ ಇದ್ದವು. ಅವನ್ನು ಬರೆದುಕೊಳ್ಳಲಿಲ್ಲವಾದ್ದರಿಂದ ಅವುಗಳ ನಕಲು ಕೊಡಲಾರೆ ಎಂದು ಆತನ ಮಾತಿನ ತಾತ್ಪರ್ಯ. ಆಗಲೇ ಯಾರೋ ನಕಲು ಕೇಳಿದ್ದರು; ಇದ್ದದ್ದನ್ನು ಕೊಟ್ಟು ಇಲ್ಲದ್ದನ್ನು ಇಲ್ಲವೆಂದು ಕ್ಲರ್ಕು ಬರೆದನು. ಗುಮಾಸ್ತನ ಪ್ರಾಮಾಣಿಕತೆಯೆಂದರೆ ಇದೇ. ಯಾವ ಮಾತನ್ನು ದಫ್ತರದಲ್ಲಿ ಹುಡುಕಿ ಪ್ರಯೋಜನವಿಲ್ಲವೆಂಬುದನ್ನೂ ಮುಂದಿನವರಿಗೆ ಆತ ತಿಳಿಸಿಹೋದನು.

1639ರ ಅಪ್ಪಣೆಯಂತೆ ಇರಬೇಕಾಗಿದ್ದ ಪುಸ್ತಕವೆಲ್ಲಿ ಎಂದು ನೀವು ಕೇಳಬಹುದು. 1692ರ ವಿಶೇಷ ನ್ಯಾಯಾಲಯದ ದಾಖಲೆಯ ಪುಸ್ತಕ ಸಿಕ್ಕಿಲ್ಲ. ಉಳಿದಿರುವುದು ಬಿಡಿ ಕಾಗದಗಳು. ಅವೂ ಒಂದೇ ಕಡೆ ಉಳಿಯಲಿಲ್ಲ. ಕೌಂಟಿಯ ದಫ್ತರದಲ್ಲಿ ದೊಡ್ಡ ಪಾಲು ನಿಂತಿತು. ಕೆಲವು ಬಾಸ್ಟನ್ನಿನ ಪುಸ್ತಕಾಲಯಕ್ಕೂ ಇತಿಹಾಸ ಸಂಘಕ್ಕೂ, ಕೆಲವು ನ್ಯೂಯಾರ್ಕಿಗೂ ಹೋದವು. 1938ರಲ್ಲಿ, ನಿರುದ್ಯೋಗ ನಿವಾರಣೆಗಾಗಿ ಅಮೆರಿಕದ ಸರ್ಕಾರ ನಡೆಸುತ್ತಿದ್ದ ಕಾಮಗಾರಿಗಳ ಅಂಗವಾಗಿ, ಕೌಂಟಿಯ ಕ್ಲರ್ಕ್ ಆರ್ಚಿ ಫ್ರಾಸ್ಟ್ ಎಂಬವರ ಮೇಲ್ವಿಚಾರಣೆಯಲ್ಲಿ ಈ ಕಾಗದಗಳನ್ನು ಓದಿ ಬೆರಳಚ್ಚು ಮಾಡಿಸಿದರು. ಕೆಲಸವಿಲ್ಲದವರಿಗೆ ಕೂಲಿಯೂ ಆಯಿತು, ಹಳೆಯ ಬರಹಕ್ಕೆ ಪುನರ್ಜನ್ಮವೂ ಆಯಿತು. ಅದನ್ನು ಆಧರಿಸಿ 1977ರಲ್ಲಿ ಬಾಯರ್ ಮತ್ತು ನಿಸೆನ್‌ಬಾಮ್ ಎಂಬ ಇಬ್ಬರು ವಿದ್ವಾಂಸರು ಮೂರು ಸಂಪುಟಗಳನ್ನು ಅಚ್ಚು ಮಾಡಿಸಿದರು. ಬರ್ನಾರ್ಡ್ ರೋಸೆಂತಾಲ್ ಮುಂದಾಳಾಗಿ, ಅಮೆರಿಕದವರೂ ಫಿನ್ಲೆಂಡ್ ಸ್ವೀಡನ್ನುಗಳ ಭಾಷಾವಿದ್ವಾಂಸರೂ ಸೇರಿ ಮೂಲ ಕಾಗದಗಳನ್ನೇ ಮತ್ತೆ ಓದಿ, ತಾರೀಖಿನ ಕ್ರಮದಲ್ಲಿ ಜೋಡಿಸಿ, ಸುಮಾರು ಒಂದು ಸಾವಿರ ದಾಖಲೆಗಳ ದೊಡ್ಡ ಗ್ರಂಥವನ್ನು 2009ರಲ್ಲಿ ಹೊರತಂದರು. ಸೇಲಂನ ಸಂಗ್ರಹಾಲಯದಲ್ಲಿ 1980ರಿಂದ ಇರಿಸಿದ್ದ 527 ಮೂಲಪತ್ರಗಳನ್ನು 2023ರ ಜನವರಿಯಲ್ಲಿ ಬಾಸ್ಟನ್ನಿನಲ್ಲಿರುವ ಸಂಸ್ಥಾನದ ನ್ಯಾಯಾಂಗ ದಾಖಲೆಗಳ ಭಂಡಾರಕ್ಕೆ ಹಿಂದಿರುಗಿಸಿದರು.

ಇದು ಪ್ರಸಿದ್ಧವಾದ ಕಂತೆ. ನೂರಾರು ವಿದ್ವಾಂಸರ ಕಣ್ಣು ಬಿದ್ದದ್ದು. ಹೆಸರಿಲ್ಲದ ಸಾವಿರಾರು ಕಂತೆಗಳ ಗತಿಯೇನು? ಅಮೆರಿಕದ ಯಾವುದೋ ಒಂದು ಕೌಂಟಿಯ ಹಳೆಯ ಕ್ರಿಮಿನಲ್ ಮೊಕದ್ದಮೆಯ ಕಾಗದ ನಿಮಗೆ ಬೇಕಾಯಿತೆನ್ನಿ. ಹೇಗೆ ಹುಡುಕುತ್ತೀರಿ? ಆ ಕ್ರಮವನ್ನು ಸ್ವಲ್ಪದರಲ್ಲಿ ಹೇಳುತ್ತೇನೆ.

ಮೊದಲು ತಿಳಿಯಬೇಕಾದದ್ದು ಕೌಂಟಿ ಯಾವುದೆಂಬುದು. ಆಪಾದಿತನ ಹುಟ್ಟೂರಾಗಲಿ ಮನೆಯಿದ್ದ ಊರಾಗಲಿ ಮುಖ್ಯವಲ್ಲ. ಅಪರಾಧ ಎಲ್ಲಿ ನಡೆಯಿತೆಂದು ವಿಚಾರಣೆಯಾಯಿತೋ ಆ ಕೌಂಟಿ. ಹಳೆಯ ಕಾಲದ್ದಾದರೆ ಇನ್ನೊಂದು ತೊಡಕು. ಕೌಂಟಿಗಳ ಗಡಿ ಬದಲಾಗಿರುತ್ತದೆ, ಒಂದು ಒಡೆದು ಎರಡಾಗಿರುತ್ತದೆ. ಆ ವರ್ಷದಲ್ಲಿ ಆ ಊರು ಯಾವ ಕೌಂಟಿಗೆ ಸೇರಿತ್ತೆಂದು ನೋಡಬೇಕು. ಎರಡನೆಯದು ನ್ಯಾಯಾಲಯದ ಮಟ್ಟ. ಸಣ್ಣ ತಪ್ಪುಗಳನ್ನು ಕೆಳಗಿನ ನ್ಯಾಯಾಲಯವೂ ಘೋರ ಅಪರಾಧಗಳನ್ನು ಮೇಲಿನ ನ್ಯಾಯಾಲಯವೂ ವಿಚಾರಿಸುತ್ತವೆ; ಕಾಗದಗಳೂ ಬೇರೆ ಬೇರೆ. ಇಡೀ ದೇಶದ ಕೇಂದ್ರ ಸರ್ಕಾರದ ಕಾನೂನನ್ನು ಮುರಿದ ಮೊಕದ್ದಮೆಯಾದರೆ ಕೌಂಟಿಯಲ್ಲಿ ಸಿಕ್ಕುವುದೇ ಇಲ್ಲ, ಕೇಂದ್ರದ ಜಿಲ್ಲಾ ನ್ಯಾಯಾಲಯದಲ್ಲಿ ಹುಡುಕಬೇಕು.

ಮೂರನೆಯದು ಹೆಸರು ಮತ್ತು ವರ್ಷ. ಕೌಂಟಿಯ ನ್ಯಾಯಾಲಯದಲ್ಲಿ ದಾಖಲೆಗಳಿಗೆ ಜವಾಬ್ದಾರನಾದ ಅಧಿಕಾರಿಯನ್ನು ಕ್ಲರ್ಕ್ ಎನ್ನುತ್ತಾರೆ. ಹೆಸರು ಕೇಳಿ ಸಾಮಾನ್ಯ ಗುಮಾಸ್ತನೆಂದುಕೊಳ್ಳಬೇಡಿ. ಅನೇಕ ಕಡೆ ಅವರು ಜನರ ಮತದಿಂದ ಆರಿಸಿಬಂದವರು. ಅವರ ಕಚೇರಿಯಲ್ಲಿ ಆಪಾದಿತರ ಹೆಸರಿನ ಅಕಾರಾದಿ ಇರುತ್ತದೆ. ಹಳೆಯ ಕಾಲದಲ್ಲಿ ಹೆಸರಿನ ಕಾಗುಣಿತ ಬರೆಯುವವನ ಕೈಗೆ ಬಂದಂತೆ. ಆದಕಾರಣ ಒಂದೇ ಹೆಸರನ್ನು ನಾಲ್ಕಾರು ರೂಪದಲ್ಲಿ ಹುಡುಕಬೇಕು. ಅಕಾರಾದಿಯಲ್ಲಿ ಸಿಕ್ಕುವುದು ಮೊಕದ್ದಮೆಯ ನಂಬರು. ಆ ನಂಬರು ಹಿಡಿದು ಹೋದರೆ ಡಾಕೆಟ್ ಎಂಬ ಪುಸ್ತಕದಲ್ಲಿ ಯಾವ ದಿನ ಏನು ನಡೆಯಿತೆಂಬ ಪಟ್ಟಿ. ಅದರ ಆಧಾರದ ಮೇಲೆ ಮೂಲ ಕಾಗದಗಳ ಕಂತೆ. ಡಾಕೆಟ್ಟನ್ನು ಮಾತ್ರ ನೋಡಿ ಹಿಂದಿರುಗುವವರು ಬಹಳ. ಅದು ಊಟದ ಎಲೆಯನ್ನು ನೋಡಿ ಊಟ ಮಾಡಿದೆನೆಂದಂತೆ. ಸಾರವೆಲ್ಲ ಕಂತೆಯಲ್ಲಿರುತ್ತದೆ.

ನಕಲು ಬೇಕಾದರೆ ಹೆಸರು, ವರ್ಷ, ನಂಬರು ಬರೆದು, ಪುಟಕ್ಕಿಷ್ಟೆಂದು ಶುಲ್ಕ ಕೊಟ್ಟು ಕೇಳಬಹುದು. ಮೊಹರು ಒತ್ತಿದ ದೃಢೀಕೃತ ನಕಲಿಗೆ ಶುಲ್ಕ ಹೆಚ್ಚು. ಈಚಿನ ಮೊಕದ್ದಮೆಗಳ ಪಟ್ಟಿಯನ್ನು ಅನೇಕ ಕೌಂಟಿಗಳಲ್ಲಿ ಕಂಪ್ಯೂಟರಿನಲ್ಲೂ ನೋಡಬಹುದು. ತೀರ ಹಳೆಯವು ಸಂಸ್ಥಾನದ ದಾಖಲೆ ಭಂಡಾರಕ್ಕೆ ಹೋಗಿರುತ್ತವೆ. ಎಲ್ಲವೂ ಸಿಕ್ಕುತ್ತದೆಂದಲ್ಲ. ಬಾಲಾಪರಾಧಿಗಳ ಕಾಗದಗಳನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ನ್ಯಾಯಾಧೀಶರ ಅಪ್ಪಣೆಯಿಂದ ಮೊಹರು ಮಾಡಿ ಮುಚ್ಚಿದ್ದನ್ನೂ ತೋರಿಸುವುದಿಲ್ಲ. ಒಮ್ಮೆ ತಪ್ಪಿ ನಡೆದವನು ಬಾಳೆಲ್ಲ ಅದರ ನೆರಳಿನಲ್ಲೇ ಬದುಕಬಾರದೆಂಬ ಕನಿಕರವೂ ನ್ಯಾಯದ ಒಂದು ಅಂಗವೇ. ಇನ್ನು ಕೆಲವು ವಿಧಿಯ ಪಾಲು. ವರ್ಜೀನಿಯಾ ಸಂಸ್ಥಾನದಲ್ಲಿ ಅಂತರ್ಯುದ್ಧದ ಕಾಲದಲ್ಲಿ ಹಲವು ಕೌಂಟಿಗಳವರು ತಮ್ಮ ದಾಖಲೆಗಳು ಭದ್ರವಾಗಿರಲೆಂದು ರಾಜಧಾನಿ ರಿಚ್ಮಂಡಿಗೆ ಸಾಗಿಸಿದರು. 1865ರ ಏಪ್ರಿಲಿನಲ್ಲಿ ರಿಚ್ಮಂಡಿಗೆ ಬೆಂಕಿ ಬಿದ್ದು, ಭದ್ರವಾಗಿರಲೆಂದು ಕಳಿಸಿದ್ದೇ ಸುಟ್ಟುಹೋಯಿತು.

ಕೇಳುವ ಹಕ್ಕನ್ನು ಆ ದೇಶದ ಸರ್ವೋಚ್ಚ ನ್ಯಾಯಾಲಯವೂ ಎತ್ತಿ ಹಿಡಿದಿದೆ. ಸಾರ್ವಜನಿಕ ದಾಖಲೆಗಳನ್ನು, ನ್ಯಾಯಾಲಯದ ದಾಖಲೆಗಳನ್ನೂ ಸೇರಿಸಿ, ನೋಡುವ ಮತ್ತು ನಕಲು ಮಾಡಿಕೊಳ್ಳುವ ಸಾಮಾನ್ಯ ಹಕ್ಕು ಜನರಿಗೆ ಉಂಟೆಂದು 1978ರಲ್ಲಿ ಅದು ಹೇಳಿತು. ಮಿತಿಯಿಲ್ಲದ ಹಕ್ಕಲ್ಲವೆಂಬುದನ್ನೂ ಜೊತೆಗೇ ಹೇಳಿತು. ವರ್ಜೀನಿಯಾದ ಹ್ಯಾನೋವರ್ ಕೌಂಟಿಯಲ್ಲಿ ಒಂದು ಕೊಲೆಯ ಮೊಕದ್ದಮೆ ನಾಲ್ಕನೆಯ ಸಾರಿ ವಿಚಾರಣೆಗೆ ಬಂದಾಗ ನ್ಯಾಯಾಧೀಶರು ಜನರನ್ನೂ ಪತ್ರಿಕೆಯವರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಸಿದ್ದರು. ಹಾಗೆ ಮಾಡಬಾರದೆಂದು, ಕ್ರಿಮಿನಲ್ ವಿಚಾರಣೆ ಜನರ ಮುಂದೆ ನಡೆಯತಕ್ಕದ್ದೆಂದು, 1980ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಇಪ್ಸ್‌ವಿಚ್ಚಿನ ಪಾದ್ರಿ ಬರೆದ 48ನೆಯ ವಿಧಿಯ ಆಶಯ ಹೊಸ ಮಾತಿನಲ್ಲಿ ಮತ್ತೆ ಕೇಳಿಬಂದಂತಾಯಿತು.

ಹೀಗೆ ಹುಡುಕಿ ಓದಿದ್ದರಿಂದ ಬಂದ ಲಾಭವೇನು? ಸೇಲಂನ ಕಾಗದಗಳಿಗೇ ಮತ್ತೆ ಹೋಗೋಣ. ಅಕ್ಷರದ ಮಾಟವನ್ನು ಒಂದೊಂದಾಗಿ ಪರೀಕ್ಷಿಸಿದಾಗ ಇನ್ನೂರಕ್ಕೂ ಹೆಚ್ಚು ಕೈಗಳು ಅವನ್ನು ಬರೆದಿದ್ದವೆಂದು ತಿಳಿದುಬಂತು. ಅವುಗಳಲ್ಲಿ ನೂರಕ್ಕೂ ಮಿಗಿಲಾದ ದಾಖಲೆಗಳಲ್ಲಿ ಕಾಣುವ ಒಂದು ಕೈ ಥಾಮಸ್ ಪಟ್ನಂ ಎಂಬವನದು. ಆಪಾದನೆ ಮಾಡಿದ ಹುಡುಗಿಯರಲ್ಲಿ ಮುಂಚೂಣಿಯಲ್ಲಿದ್ದ ಆನ್ ಪಟ್ನಮಳ ತಂದೆ ಆತ. ಬೇರೆ ಬೇರೆ ಸಾಕ್ಷಿಗಳ ಹೇಳಿಕೆಗಳು ಒಂದೇ ಧಾಟಿಯಲ್ಲಿ ಒಂದೇ ಮಾತುಗಳಲ್ಲಿ ಇರುವುದೇಕೆಂಬ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು. ಅಚ್ಚಾದ ಪುಸ್ತಕವನ್ನು ಮಾತ್ರ ಓದಿದ್ದರೆ ಇದು ಎಂದಿಗೂ ತಿಳಿಯುತ್ತಿರಲಿಲ್ಲ. ನಮ್ಮ ತಾಳೆಗರಿಗಳ ಪಾಠಪರಿಷ್ಕರಣದಲ್ಲಿ ಲಿಪಿಕಾರನ ಕೈಯನ್ನು ಗುರುತಿಸುವುದು ಎಷ್ಟು ಮುಖ್ಯವೆಂಬುದನ್ನು ಬಲ್ಲವರಿಗೆ ಇದರ ಬೆಲೆ ತಾನಾಗಿ ಗೊತ್ತಾಗುತ್ತದೆ.

ಇನ್ನೊಂದು. ಬ್ರಿಜೆಟ್ ಬಿಷಪ್ ಹೆಂಡದಂಗಡಿ ನಡೆಸುತ್ತಿದ್ದಳೆಂದು ಬಹುಕಾಲ ಇತಿಹಾಸಕಾರರು ಬರೆಯುತ್ತ ಬಂದರು. ಅಂಗಡಿ ನಡೆಸುತ್ತಿದ್ದವಳು ಸಾರಾ ಬಿಷಪ್ ಎಂಬ ಬೇರೊಬ್ಬಳೆಂದು 1981ರಲ್ಲಿ ವಂಶಾವಳಿಯ ಸಂಶೋಧಕರೊಬ್ಬರು ಮೂಲಪತ್ರಗಳಿಂದಲೇ ತೋರಿಸಿಕೊಟ್ಟರು. ಹಾಗೆಯೇ ಗಲ್ಲಿನ ಜಾಗ. ಸೇಲಂನಲ್ಲಿ ಅದು ಎಲ್ಲಿತ್ತೆಂಬುದು ಮರೆತುಹೋಗಿತ್ತು. ರೆಬೆಕಾ ಈಮ್ಸ್ ಎಂಬ ಆಪಾದಿತೆಯ ವಿಚಾರಣೆಯ ಬರಹದಲ್ಲಿ, ಗುಡ್ಡದ ಕೆಳಗಿನ ಮನೆಯೊಂದರಿಂದ ತಾನು ಗಲ್ಲಿನ ಕಡೆ ಸೇರಿದ್ದ ಜನರನ್ನು ಕಂಡೆನೆಂಬ ಒಂದು ಮಾತು ಬಂದಿದೆ. ಆ ಮನೆಯೆಲ್ಲಿತ್ತು, ಅಲ್ಲಿಂದ ಏನು ಕಾಣುತ್ತದೆ ಎಂದು ನೆಲದ ಏರಿಳಿತವನ್ನು ಅಳೆದು ನೋಡಿ, ಪ್ರಾಕ್ಟರ್ಸ್ ಲೆಡ್ಜ್ ಎಂಬ ಬಂಡೆಯ ತಾಣವೇ ಅದೆಂದು 2016ರಲ್ಲಿ ವಿದ್ವಾಂಸರು ಖಚಿತಪಡಿಸಿದರು. ಮರುವರ್ಷ ಜುಲೈ 19ರಂದು, ರೆಬೆಕಾ ನರ್ಸಳು ಪ್ರಾಣಬಿಟ್ಟ ದಿನವೇ, ಅಲ್ಲಿ ಸ್ಮಾರಕ ಅರ್ಪಿತವಾಯಿತು.

ಇವೆಲ್ಲ ವಿದ್ವಾಂಸರಿಗೆ ಬೇಕಾದ ಸಂಗತಿಗಳೆಂದು ನಿಮಗೆ ತೋರಬಹುದು. ಹಾಗಾದರೆ ನಾನು ಮುಂದೆ ಹೇಳುತ್ತೇನೆಂದಿದ್ದ ಮೂವರ ಕಥೆ ಕೇಳಿ. 1693ರ ಜನವರಿಯಲ್ಲಿ ಶಿಕ್ಷೆಗೆ ಗುರಿಯಾದವರು ಸಾರಾ ವಾರ್ಡ್‌ವೆಲ್, ಮೇರಿ ಪೋಸ್ಟ್ ಮತ್ತು ಆಂಡೋವರಿನ ಎಲಿಜಬೆತ್ ಜಾನ್ಸನ್. ಎಲಿಜಬೆತ್ ಪಾದ್ರಿ ಫ್ರಾನ್ಸಿಸ್ ಡೇನನ ಮೊಮ್ಮಗಳು. ಹಿಡಿದುತಂದಾಗ 22 ವರ್ಷ. ಬುದ್ಧಿ ಸ್ವಲ್ಪ ಮಂದವೆಂದು ತಾತನೇ ಬರೆದಿದ್ದಾನೆ. ಹೆದರಿಸಿ ಕೇಳಿದಾಗ ಎಲ್ಲವನ್ನೂ ಒಪ್ಪಿಕೊಂಡಳು. ಚಿಂದಿಬಟ್ಟೆಯ ಗೊಂಬೆಗಳನ್ನೂ ತಂದು ತೋರಿಸಿದಳು. ಮೂವರನ್ನೂ ಗಲ್ಲಿಗೇರಿಸುವ ಆಜ್ಞೆಯಾಯಿತು. ಗವರ್ನರ್ ಫಿಪ್ಸ್ ಅದನ್ನು ತಡೆದನು. ಪ್ರಾಣ ಉಳಿಯಿತು, ತೀರ್ಪು ಮಾತ್ರ ಹಾಗೆಯೇ ಉಳಿಯಿತು.

ಕೆಲವು ವರ್ಷಗಳಲ್ಲಿ ನಾಡಿಗೆ ಪಶ್ಚಾತ್ತಾಪವಾಯಿತು. 1703ರಲ್ಲಿ ಕೆಲವರ ಶಿಕ್ಷೆಯನ್ನು ರದ್ದುಮಾಡಿದರು; ಅವರಲ್ಲಿ ಸಾರಾ ವಾರ್ಡ್‌ವೆಲ್ ಒಬ್ಬಳು. 1711ರಲ್ಲಿ 22 ಮಂದಿಯ ಹೆಸರುಗಳನ್ನು ಬರೆದು, ಅವರ ಮೇಲಿನ ದೋಷವನ್ನು ತೊಡೆದುಹಾಕುವ ಶಾಸನ ಮಾಡಿದರು. ಅವರಲ್ಲಿ ಮೇರಿ ಪೋಸ್ಟ್ ಒಬ್ಬಳು. ನೊಂದವರಿಗೆ 578 ಪೌಂಡು 12 ಷಿಲಿಂಗು ಪರಿಹಾರವನ್ನೂ ಮಂಜೂರು ಮಾಡಿದರು. ಆದರೆ ಆ ಪಟ್ಟಿಯಲ್ಲಿ ಎಲಿಜಬೆತ್ ಜಾನ್ಸನ್ನಳ ಹೆಸರಿಲ್ಲ. ತಾಯಿಗೂ ಮಗಳಿಗೂ ಒಂದೇ ಹೆಸರು. ತಾಯಿಯೂ ಆಪಾದಿತಳಾಗಿದ್ದು ನಿರಪರಾಧಿಯೆಂದು ಬಿಡುಗಡೆಯಾಗಿದ್ದವಳು. ಈ ಹೆಸರಿನ ಗೊಂದಲದಿಂದ ಮಗಳು ಬಿಟ್ಟುಹೋಗಿರಬೇಕೆಂದು ಊಹಿಸುತ್ತಾರೆ. 1712ರ ಫೆಬ್ರವರಿಯಲ್ಲಿ ಆಕೆಯೇ ಒಂದು ಮನವಿ ಸಲ್ಲಿಸಿದಳು. ನನಗೆ ಶಿಕ್ಷೆಯಾಗಿತ್ತು, ಶಾಸನದಲ್ಲಿ ನನ್ನ ಹೆಸರು ಸೇರಿಲ್ಲ, ಸೇರಿಸಬೇಕು, ಬಹುಕಾಲ ಸೆರೆಯಲ್ಲಿದ್ದ ಖರ್ಚಿಗೆ ಏನಾದರೂ ಕೊಡಿಸಬೇಕು ಎಂದು ಕೇಳಿಕೊಂಡಳು. ಹೆಸರು ಸೇರಲಿಲ್ಲ. ಆಕೆಗೆ ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಉಳಿದವರ ಪರವಾಗಿ ಕೂಗಿಕೊಳ್ಳಲು ವಂಶದವರಿದ್ದರು. ಈಕೆಯ ಪರವಾಗಿ ಇದ್ದದ್ದು ದಫ್ತರದಲ್ಲಿ ಬಿದ್ದಿದ್ದ ಆ ಮನವಿಯ ಕಾಗದವೊಂದೇ.

1957ರಲ್ಲಿ ಮ್ಯಾಸಚೂಸೆಟ್ಸಿನ ಶಾಸನಸಭೆ ಆನ್ ಪುಡೇಟರ್ ಎಂಬಾಕೆಯ ಹೆಸರನ್ನು ಹೇಳಿ, ‘ಇನ್ನು ಕೆಲವರು’ ಎಂದು ಮುಗಿಸಿತು. ಆ ‘ಕೆಲವರು’ ಯಾರೆಂದು 2001ರಲ್ಲಿ ಬ್ರಿಜೆಟ್ ಬಿಷಪ್ ಮೊದಲಾದ ಐವರ ಹೆಸರುಗಳನ್ನು ಸೇರಿಸಿತು. ಆಗಲೂ ಎಲಿಜಬೆತ್ ಹೊರಗೇ ಉಳಿದಳು, ಆಕೆ ಗಲ್ಲಿಗೇರಿರಲಿಲ್ಲವಲ್ಲ! ಈ ಲೋಪವನ್ನು ಒಬ್ಬ ಇತಿಹಾಸಕಾರರು ತಮ್ಮ ಪುಸ್ತಕದಲ್ಲಿ ಎತ್ತಿ ತೋರಿಸಿದರು. ಆಂಡೋವರಿನ ನೆರೆಯ ನಾರ್ತ್ ಆಂಡೋವರಿನ ಮಾಧ್ಯಮಿಕ ಶಾಲೆಯ ಉಪಾಧ್ಯಾಯಿನಿಯೊಬ್ಬರು ಅದನ್ನು ಎಂಟನೆಯ ತರಗತಿಯ ಪಾಠವನ್ನಾಗಿ ಮಾಡಿದರು. ಮಕ್ಕಳು ಹಳೆಯ ದಾಖಲೆಗಳನ್ನು ಓದಿದರು, ಮಸೂದೆಯನ್ನು ಬರೆಯುವ ರೀತಿಯನ್ನು ಕಲಿತರು, ಶಾಸನಸಭೆಯ ಸದಸ್ಯರಿಗೆ ಪತ್ರ ಹಾಕಿದರು. ಒಂದು ವರ್ಷದಲ್ಲಿ ಕೆಲಸವಾಗಲಿಲ್ಲ. ಮರುವರ್ಷದ ಮಕ್ಕಳು ಮುಂದುವರಿಸಿದರು. ಸೆನೆಟ್ ಸದಸ್ಯೆ ಡಯಾನಾ ಡಿಜೋಗ್ಲಿಯೊ ಅವರು ಈ ವಿಷಯವನ್ನು ಕೈಗೆತ್ತಿಕೊಂಡು, ಕೊನೆಗೆ ಸಂಸ್ಥಾನದ ಆಯವ್ಯಯ ಪತ್ರಕ್ಕೆ ತಿದ್ದುಪಡಿಯಾಗಿ ಸೇರಿಸಿದರು. 2022ರ ಜುಲೈ 28ರಂದು ಗವರ್ನರ್ ಚಾರ್ಲಿ ಬೇಕರ್ ರುಜು ಹಾಕಿದರು. ತೀರ್ಪಾದ 329 ವರ್ಷದ ಮೇಲೆ, ಮನವಿ ಕೊಟ್ಟ 310 ವರ್ಷದ ಮೇಲೆ, ಎಲಿಜಬೆತ್ ಜಾನ್ಸನ್ ನಿರ್ದೋಷಿಯಾದಳು.

ಹೈಸ್ಕೂಲಿನಲ್ಲಿ ಪಾಠ ಹೇಳುವ ನನ್ನಂಥವನಿಗೆ ಈ ಸಂಗತಿ ಹೆಮ್ಮೆಯನ್ನು ತರುತ್ತದೆಂದರೆ ನೀವು ನಗಲಾರಿರಿ. ಸತ್ತು ಮಣ್ಣಾದವಳಿಗೆ ಇದರಿಂದ ಏನು ಬಂತು ಎಂದು ಕೇಳುವವರಿದ್ದಾರೆ. ಅವಳಿಗೆ ಏನೂ ಬರಲಿಲ್ಲ, ನಿಜ. ಆದರೆ ಅವಳು ಬದುಕಿದ್ದಾಗ ಕೇಳಿದ್ದು ಹಣಕ್ಕಿಂತ ಮೊದಲು ಹೆಸರನ್ನು. ಆ ಕೋರಿಕೆ ನ್ಯಾಯವಾದದ್ದೆಂದು ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಿಗೆ ತಿಳಿಯಿತು. ಅಧಿಕಾರದಲ್ಲಿದ್ದ ದೊಡ್ಡವರು ಹೆದರಿ ಮಾಡಿದ ತಪ್ಪನ್ನು ಮಕ್ಕಳು ಓದಿ ತಿದ್ದಿದರು.

ಇದರಲ್ಲಿ ಗಮನಿಸಬೇಕಾದ ಮಾತೊಂದಿದೆ. ಅವಳನ್ನು ತಪ್ಪಿತಸ್ಥಳೆಂದು ಹೇಳಿದ ಕಾಗದವೂ, ಅವಳನ್ನು ಬಿಡಿಸಲು ಆಧಾರವಾದ ಕಾಗದವೂ ಉಳಿದುಬಂದದ್ದು ಸರ್ಕಾರಿ ದಫ್ತರಗಳಲ್ಲಿಯೇ. ನಾಚಿಕೆಯ ಸಂಗತಿಯೆಂದು 1693ರಲ್ಲೇ ಯಾರಾದರೂ ಅವನ್ನೆಲ್ಲ ಒಲೆಗೆ ಹಾಕಿದ್ದರೆ ಊರಿನ ಅಪಕೀರ್ತಿಯೇನೋ ಕಡಿಮೆಯಾಗುತ್ತಿತ್ತು. ಅವಳ ಮೇಲಿನ ಕಳಂಕವನ್ನು ತೊಳೆಯಲು ನೀರೇ ಇರುತ್ತಿರಲಿಲ್ಲ. ಹಾಗೆ ಸುಡದೆ ಕಟ್ಟಿಟ್ಟ ಗುಮಾಸ್ತರೂ, ಅದನ್ನು ಬೆರಳಚ್ಚು ಮಾಡಿದ ಕೂಲಿಯ ಓದುಬರಹದವರೂ, ಕೇಳಿದವರಿಗೆ ಬೀರು ತೆಗೆದುಕೊಟ್ಟವರೂ ಈ ನ್ಯಾಯದಲ್ಲಿ ಪಾಲುಗಾರರು. ನ್ಯಾಯಾಲಯದ ಹಳೆಯ ಕಂತೆಗಳನ್ನು ಧೂಳು ಹಿಡಿದ ಕಾಗದವೆಂದು ಯಾರಾದರೂ ಹೇಳಿದಾಗ, ಅದರೊಳಗೆ ಇನ್ನೂ ಉತ್ತರ ಸಿಕ್ಕದ ಒಂದು ಅರ್ಜಿ ಇರಬಹುದೆಂದು ನೆನೆಯುವುದು ಒಳ್ಳೆಯದು.